ಎಲ್ಲಿಗೆ ಹೋದಿರಿ ಅಲ್ಲ, ಹೇಗೆ ಹೋದಿರಿ?

ಮೇ ತಿಂಗಳ ಕೊನೆ, ದಸರಾ ಮುಗಿದ ಮೇಲಿನ ವಾರ, ಮತ್ತೆ ಕ್ರಿಸ್‌ಮಸ್ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತು. ಇಷ್ಟು ಸಮಯದಲ್ಲಿ ನನ್ನ ಕ್ಲಿನಿಕ್ಕಿನಲ್ಲಿ ಕುರ್ಚಿ ಸಾಲುವುದಿಲ್ಲ. ನಾನು ಮಂಗಳೂರಿನ ಕಂಕನಾಡಿಯಲ್ಲಿ ಫಿಸಿಯೋಥೆರಪಿ ಮಾಡುವವಳು. ಬಂದವರ ಕುತ್ತಿಗೆ, ಸೊಂಟ, ಮೊಣಕಾಲು ಮುಟ್ಟಿ ನೋಡುವ ಮೊದಲು ರಜೆಗೆ ಎಲ್ಲಾದರೂ ಹೋಗಿದ್ದಿರಾ ಅಂತ ಕೇಳುತ್ತೇನೆ. ಎಲ್ಲರೂ ಊರಿನ ಹೆಸರು ಹೇಳುತ್ತಾರೆ. ಊಟಿ, ತಿರುಪತಿ, ಗೋವಾ. ನನಗೆ ಬೇಕಾದ್ದು ಯಾವುದರಲ್ಲಿ ಹೋದರು, ಎಷ್ಟು ಹೊತ್ತು ಕೂತರು, ರಾತ್ರಿಯೋ ಹಗಲೋ ಎನ್ನುವುದು.

ರಜೆಗೆ ಹೋಗುವಾಗ ನಾವು ಹೋಟೆಲನ್ನು ವಾರಗಟ್ಟಲೆ ಹುಡುಕುತ್ತೇವೆ. ಊಟ ಹೇಗುಂಟು, ಬಾತ್‌ರೂಮ್ ಕ್ಲೀನ್ ಉಂಟಾ, ಎಲ್ಲ ನೋಡುತ್ತೇವೆ. ಹೋಗುವ ರೀತಿ ಮಾತ್ರ ಎರಡೇ ಲೆಕ್ಕದಲ್ಲಿ ಮುಗಿಯುತ್ತದೆ: ಟಿಕೆಟಿಗೆ ಎಷ್ಟು, ರಜೆ ಎಷ್ಟು ದಿನ. ಮನೆಯಲ್ಲಿ ಎಲ್ಲರಿಗಿಂತ ಹಿರಿಯವರ ಕಾಲು ಏನನ್ನುತ್ತದೆ, ಎಲ್ಲರಿಗಿಂತ ಚಿಕ್ಕ ಮಗುವಿನ ಹೊಟ್ಟೆ ಏನನ್ನುತ್ತದೆ ಎನ್ನುವುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಅದು ಬರಬೇಕು ಅಂತ ನನಗೆ ತುಂಬಾ ಅನಿಸುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಕಾಲಿನ ವಿಷಯ. ಹೃದಯದಿಂದ ಕಾಲಿಗೆ ಇಳಿದ ರಕ್ತ ಮೇಲೆ ಹತ್ತಬೇಕಲ್ವಾ? ಅದನ್ನು ಹತ್ತಿಸುವ ಕೆಲಸ ಹೆಚ್ಚಿನ ಪಾಲು ಮೀನಖಂಡದ್ದು. ನಡೆಯುವಾಗ ಆ ಮಾಂಸಖಂಡ ಬಿಗಿದು ಸಡಿಲವಾಗಿ, ಬೋರ್‌ವೆಲ್ಲಿನ ಕೈಪಂಪಿನ ಹಾಗೆ ರಕ್ತವನ್ನು ಮೇಲೆ ತಳ್ಳುತ್ತದೆ. ಕೂತರೆ ಪಂಪು ನಿಂತಿತು. ಮೊಣಕಾಲು ಮಡಚಿ, ಸೀಟಿನ ಅಂಚು ತೊಡೆಯ ಹಿಂದೆ ಒತ್ತುವಂತೆ ಗಂಟೆಗಟ್ಟಲೆ ಕೂತರೆ ರಕ್ತ ಅಲ್ಲೇ ನಿಧಾನವಾಗುತ್ತದೆ. ಕೆಲವರಿಗೆ ಹೆಪ್ಪುಗಟ್ಟುತ್ತದೆ. ಡಾಕ್ಟರುಗಳು ಇದಕ್ಕೆ ಡಿವಿಟಿ ಅನ್ನುತ್ತಾರೆ, ಅಂದರೆ ಒಳಗಿನ ರಕ್ತನಾಳದಲ್ಲಿ ಆಗುವ ಹೆಪ್ಪು. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಇದು ವಿಮಾನದಲ್ಲಿ ಮಾತ್ರ ಆಗುವ ಕಾಯಿಲೆ ಅಂತ ಹೆಚ್ಚಿನವರು ತಿಳಿದಿದ್ದಾರೆ. ಹಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಒಂದು ದೊಡ್ಡ ಅಧ್ಯಯನದ ವರದಿ ಕೊಟ್ಟಿತು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತಿನ ಪ್ರಯಾಣದ ನಂತರ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ ಅದರಲ್ಲಿತ್ತು. ವಿಮಾನ, ರೈಲು, ಬಸ್ಸು, ಕಾರು, ಯಾವುದಾದರೂ ಸರಿ, ಅಲ್ಲಾಡದೆ ಕೂತಿರುವುದೇ ಮುಖ್ಯ ಕಾರಣ. ಹೆದರಬೇಡಿ, ಒಟ್ಟು ಅಪಾಯ ಸಣ್ಣದು. ಹಾಗೆ ನಾಲ್ಕು ಗಂಟೆಗಿಂತ ಜಾಸ್ತಿ ಕೂತ ಸುಮಾರು 6,000 ಜನರಲ್ಲಿ ಒಬ್ಬರಿಗೆ. ಇದಕ್ಕಿಂತ ಹಳೆಯ ಸಂಗತಿಯೂ ಉಂಟು. 1940ರಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದಾಗ ಜನ ನೆಲಮಾಳಿಗೆಯ ಆಶ್ರಯಗಳಲ್ಲಿ ರಾತ್ರಿಯಿಡೀ ಡೆಕ್ ಚೇರಿನಲ್ಲಿ ಕೂತೇ ನಿದ್ದೆ ಮಾಡುತ್ತಿದ್ದರು. ಅವರಲ್ಲಿ ಕೆಲವರು ಇದೇ ಹೆಪ್ಪಿನಿಂದ ಸತ್ತದ್ದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ಆಗಲೇ ಬರೆದಿದ್ದರು. ಅಲ್ಲಿ ವಿಮಾನವೂ ಇಲ್ಲ, ಬಸ್ಸೂ ಇಲ್ಲ, ಬರೀ ಕುರ್ಚಿ.

ನನ್ನ ಅಮ್ಮನ ಎತ್ತರ ಐದಡಿ ದಾಟುವುದಿಲ್ಲ. ದೊಡ್ಡ ಎ.ಸಿ. ಬಸ್ಸಿನ ಸೀಟಿನಲ್ಲಿ ಅವರು ಹಿಂದೆ ಒರಗಿ ಕೂತರೆ ಪಾದ ನೆಲಕ್ಕೆ ಮುಟ್ಟುವುದಿಲ್ಲ. ಕಾಲು ನೇತಾಡುತ್ತದೆ, ಸೀಟಿನ ಅಂಚು ಮೊಣಕಾಲಿನ ಹಿಂದೆ ಗೀರು ಬೀಳುವ ಹಾಗೆ ಒತ್ತುತ್ತದೆ. ಇಳಿದ ಮೇಲೆ ಅವರ ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತದೆ. ಬೆರಳು ತೆಗೆದ ಮೇಲೂ ಆ ಗುಳಿ ಸ್ವಲ್ಪ ಹೊತ್ತು ಹಾಗೇ ಇರುತ್ತದೆ. ವಿಮಾನ ಪ್ರಯಾಣದಲ್ಲಿ ಕುಳ್ಳಗಿರುವವರಿಗೆ, ಅಂದರೆ 160 ಸೆಂಟಿಮೀಟರಿಗಿಂತ ಕಡಿಮೆ ಎತ್ತರದವರಿಗೆ, ಅಪಾಯ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಆ ಅಧ್ಯಯನದಲ್ಲೇ ಇತ್ತು. ನಮ್ಮ ಊರಿನ ಎಷ್ಟೋ ಅಮ್ಮಂದಿರು, ಅಜ್ಜಿಯಂದಿರು ಆ ಎತ್ತರದವರೇ ಅಲ್ವಾ? ಈಗ ಅಮ್ಮನ ಕಾಲಡಿಗೆ ಬಟ್ಟೆಯ ಬ್ಯಾಗನ್ನೇ ಇಡುತ್ತೇವೆ. ಪಾದ ಊರಲು ಒಂದು ಆಧಾರ ಸಿಕ್ಕಿದರೆ ಸಾಕು, ಹಿಮ್ಮಡಿ ಎತ್ತಿ ಇಳಿಸುವುದು ಸುಲಭ. ಗಂಟೆಗೊಮ್ಮೆ ಇಪ್ಪತ್ತು ಸಲ ಹಿಮ್ಮಡಿ ಮೇಲೆ, ಆಮೇಲೆ ಬೆರಳು ಮೇಲೆ. ಅಷ್ಟೇ ವ್ಯಾಯಾಮ.

ಎರಡೂ ಕಾಲು ಸಮವಾಗಿ ಊದಿದರೆ ಸಾಮಾನ್ಯವಾಗಿ ಒಂದು ರಾತ್ರಿ ಮಲಗಿದ ಮೇಲೆ ಇಳಿಯುತ್ತದೆ. ಒಂದೇ ಕಾಲು ಊದಿದರೆ, ಮೀನಖಂಡ ನೋವು, ಬಿಸಿ, ಬಿಗಿ ಇದ್ದರೆ ಎಣ್ಣೆ ಹಾಕಿ ತಿಕ್ಕಲು ಹೋಗಬೇಡಿ. ಇದನ್ನು ನಾನು ಕೈಮುಗಿದು ಹೇಳುತ್ತೇನೆ. ಮುಂಬೈಯಿಂದ ರಜೆಗೆ ಬಂದಿದ್ದ ಒಬ್ಬ ಅಕ್ಕ ನನ್ನಲ್ಲಿಗೆ ಮಸಾಜ್ ಬೇಕು ಅಂತ ಬಂದಿದ್ದರು. "ಕಾಲು ಹಿಡ್ಕೊಂಡಿದೆ, ಸ್ವಲ್ಪ ಒತ್ತಿ ಕೊಡಿ" ಅಂದರು. ಟೇಪ್ ಹಿಡಿದು ಅಳೆದೆ. ಎಡಗಾಲಿನ ಸುತ್ತಳತೆ ಬಲಗಾಲಿಗಿಂತ ಕಣ್ಣಿಗೆ ಕಾಣುವಷ್ಟು ಜಾಸ್ತಿ. ಕೈ ಹಾಕದೆ ಹಾಗೇ ಆಸ್ಪತ್ರೆಗೆ ಕಳಿಸಿದೆ. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನಿನಲ್ಲಿ ಹೆಪ್ಪು ಕಂಡಿತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಂಡು ಈಗ ಆರಾಮವಾಗಿದ್ದಾರೆ. ಅವರು ಕಾರಿನಲ್ಲಿ ಬಂದದ್ದು, ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳ ನಡುವೆ. ಸಿಸೇರಿಯನ್ ಆಗಿ ಇನ್ನೂ ಎರಡು ತಿಂಗಳೂ ಆಗಿರಲಿಲ್ಲ.

ಹೆರಿಗೆಯಾದವರು, ಬಸುರಿಯರು, ಇತ್ತೀಚೆಗೆ ಆಪರೇಷನ್ ಆದವರು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೊದಲೊಮ್ಮೆ ಹೆಪ್ಪು ಆಗಿದ್ದವರು ಉದ್ದ ಪ್ರಯಾಣದ ಮೊದಲು ಡಾಕ್ಟರನ್ನು ಕೇಳಲೇಬೇಕು. ಮೊಣಕಾಲಿನ ಕೆಳಗಿನವರೆಗೆ ಬರುವ ಬಿಗಿ ಸ್ಟಾಕಿಂಗ್ಸ್ ಬೇಕಾಗಬಹುದು. ಸುಮ್ನೆ ಆಸ್ಪಿರಿನ್ ನುಂಗಿ ಹೊರಡುವುದು ಬೇಡ. ಮನೆಗೆ ಬಂದು ಮುಟ್ಟಿದ ಮೇಲೂ ಕೆಲವು ವಾರ ಕಾಲಿನ ಮೇಲೆ ಗಮನ ಇರಲಿ. ದಿಢೀರನೆ ಉಸಿರು ಕಟ್ಟಿ ಎದೆ ನೋವು ಬಂದರೆ ಗ್ಯಾಸ್ ಅಂತ ಮಜ್ಜಿಗೆ ಕುಡಿದು ಕೂರಬೇಡಿ.

ಇನ್ನು ನಮ್ಮ ರಾತ್ರಿ ಬಸ್ಸು. ಮಂಗಳೂರು, ಉಡುಪಿಯವರಿಗೆ ಬೆಂಗಳೂರು ಎಂದರೆ ರಾತ್ರಿ ಬಸ್ಸೇ. ಊಟ ಮಾಡಿ ಹತ್ತಿದರೆ ಬೆಳಿಗ್ಗೆ ಅಲ್ಲಿ, ರಜೆಯ ಒಂದು ದಿನ ಉಳಿಯಿತು ಅಂತ ಲೆಕ್ಕ. ಸ್ಲೀಪರಿನಲ್ಲಿ ಕಾಲು ಚಾಚಬಹುದು, ಹಾಗಾಗಿ ಕಾಲಿನ ಮಟ್ಟಿಗೆ ಅದು ಸೀಟಿಗಿಂತ ಎಷ್ಟೋ ಒಳ್ಳೆಯದು. ಆದರೆ ನಿದ್ದೆ? ಶಿರಾಡಿ ಘಾಟಿಯ ತಿರುವಿನಲ್ಲಿ ಮೈ ಒಮ್ಮೆ ಗೋಡೆಗೆ, ಒಮ್ಮೆ ಪರದೆಗೆ. ಮೈ ಜಾರದ ಹಾಗೆ ಕುತ್ತಿಗೆ, ಭುಜ ರಾತ್ರಿಯಿಡೀ ಬಿಗಿ ಹಿಡಿದಿರುತ್ತವೆ. ಮಲಗಿದ್ದೆವು ಅನ್ನುತ್ತೇವೆ, ನಿಜವಾದ ಆಳ ನಿದ್ದೆ ಸಿಗುವುದು ತುಂಡು ತುಂಡಾಗಿ. ಸಾಧ್ಯವಾದರೆ ಕೆಳಗಿನ ಬರ್ತ್, ಬಸ್ಸಿನ ನಡುಭಾಗದಲ್ಲಿ ತೆಗೆದುಕೊಳ್ಳಿ. ಹಿಂದಿನ ಚಕ್ರದಿಂದಾಚೆಗಿನ ಸೀಟಿನಲ್ಲಿ ಕುಲುಕಾಟ ಹೆಚ್ಚು, ಮೇಲಿನ ಬರ್ತಿನಲ್ಲಿ ತೂಗಾಟ ಹೆಚ್ಚು.

ಬಸ್ಸಿನ ಬಗ್ಗೆ ಹೆಂಗಸರ ಒಂದು ಕಷ್ಟ ಉಂಟು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ರಾತ್ರಿ ಬಸ್ಸಿದ್ದರೆ ಸಾಯಂಕಾಲದಿಂದಲೇ ನೀರು ಕುಡಿಯುವುದು ಬಿಡುತ್ತೇವೆ. ಬಸ್ಸು ಎಲ್ಲಿ ನಿಲ್ಲಿಸುತ್ತದೋ, ಅಲ್ಲಿ ಶೌಚಾಲಯ ಹೇಗಿರುತ್ತದೋ ಅನ್ನುವ ಹೆದರಿಕೆ. ಒಂದು ಸಲ ನಮ್ಮ ಬಸ್ಸು ಘಾಟಿ ಹತ್ತಿ ಎಷ್ಟೋ ಹೊತ್ತಾದರೂ ನಿಲ್ಲಿಸಲಿಲ್ಲ. ನನ್ನ ಪಕ್ಕದ ಸಾಲಿನಲ್ಲಿದ್ದ ವಯಸ್ಸಾದವರೊಬ್ಬರು ಕಣ್ಣೀರು ಹಾಕುವುದು ಮಾತ್ರ ಬಾಕಿ. ನಾನೇ ಎದ್ದು ಡ್ರೈವರನ ಹತ್ತಿರ ಹೋಗಿ ನಿಲ್ಲಿಸಲು ಹೇಳಿದೆ. ನಿಲ್ಲಿಸಿದ ಕೂಡಲೇ ಇಳಿದವರು ಅವರೊಬ್ಬರೇ ಅಲ್ಲ, ಬಸ್ಸಿನಲ್ಲಿದ್ದ ಹೆಚ್ಚಿನ ಹೆಂಗಸರೆಲ್ಲ ಇಳಿದರು. ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ರಾತ್ರಿ ಕಳೆದರೆ ಸೋಂಕಿಗೆ ದಾರಿ. ಉರಿ, ಪದೇ ಪದೇ ಹೋಗಬೇಕು ಅನಿಸುವುದು, ಕೆಳಹೊಟ್ಟೆ ನೋವು, ಇದರಲ್ಲೇ ರಜೆಯ ಎರಡನೇ ದಿನ ಮುಗಿಯುತ್ತದೆ. ಮಧುಮೇಹ ಇದ್ದವರಿಗೆ ಇನ್ನೂ ಬೇಗ. ಬಸ್ಸು ಹತ್ತುವ ಮೊದಲೇ ಎಲ್ಲಿ ನಿಲ್ಲಿಸುತ್ತೀರಿ ಅಂತ ಕೇಳಿ. ನಿಲ್ಲಿಸಿ ಅಂತ ಹೇಳಲು ನಾಚಿಕೆ ಬೇಡ.

ಇಳಿದ ಮೇಲಿನ ಐದು ನಿಮಿಷ ಸೊಂಟಕ್ಕೆ ಬಹಳ ಮುಖ್ಯ. ಗಂಟೆಗಟ್ಟಲೆ ಬಾಗಿ ಕೂತ ಬೆನ್ನಿನಲ್ಲಿ ಎಲುಬುಗಳನ್ನು ಹಿಡಿದಿಡುವ ಕಟ್ಟುಗಳು ಸ್ವಲ್ಪ ಸಡಿಲವಾಗಿರುತ್ತವೆ, ಬೆನ್ನಿನ ಮಾಂಸಖಂಡಗಳು ಇನ್ನೂ ಎಚ್ಚರವಾಗಿರುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ನಾವು ಬಸ್ಸಿನ ಡಿಕ್ಕಿಗೆ ಬಗ್ಗಿ, ತೆಂಗಿನಕಾಯಿ, ಕುಚ್ಚಲಕ್ಕಿ, ಹಪ್ಪಳ ತುಂಬಿದ ಬ್ಯಾಗನ್ನು ಒಂದೇ ಕೈಯಲ್ಲಿ ಎಳೆಯುತ್ತೇವೆ. ಸೊಂಟ ಹಿಡಿಯುವುದು ಅಲ್ಲೇ. ಮೊದಲು ನಿಂತು ಎರಡು ಕೈ ಸೊಂಟಕ್ಕಿಟ್ಟು ಹಿಂದಕ್ಕೆ ಬಾಗಿ, ನಾಲ್ಕು ಹೆಜ್ಜೆ ನಡೆಯಿರಿ, ಆಮೇಲೆ ಬ್ಯಾಗು.

ಕಾರಿನ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹೆದರಿಕೆ ನಿದ್ದೆಯದ್ದು. ನನ್ನ ತಮ್ಮ ಮುಂಬೈಯಲ್ಲಿದ್ದಾನೆ. ಅಲ್ಲಿರುವ ನಮ್ಮವರು ಮೇ ತಿಂಗಳಲ್ಲಿ ಊರಿಗೆ ಕಾರಿನಲ್ಲಿ ಬರುವುದು ಹೇಗೆ ಗೊತ್ತಾ? ಬೆಳಿಗ್ಗೆ ಆರಕ್ಕೆ ಎದ್ದು, ಆಫೀಸು ಮುಗಿಸಿ, ಊಟ ಮಾಡಿ, ರಾತ್ರಿ ಟ್ರಾಫಿಕ್ ಕಡಿಮೆ ಅಂತ ಹೊರಡುವುದು. ಸತತ 17 ಗಂಟೆ ಎಚ್ಚರ ಇದ್ದವನ ಚುರುಕು, ರಕ್ತದಲ್ಲಿ ಶೇಕಡಾ 0.05 ಮದ್ಯ ಇದ್ದವನಷ್ಟೇ ಕುಗ್ಗಿರುತ್ತದೆ ಅಂತ ಸಂಶೋಧನೆಗಳು ತೋರಿಸಿವೆ. ನಮ್ಮ ದೇಶದಲ್ಲಿ ಕಾನೂನಿನ ಮಿತಿ 0.03. ಅಂದರೆ ಆರಕ್ಕೆ ಎದ್ದವನು ರಾತ್ರಿ ಹನ್ನೊಂದಕ್ಕೇ, ಒಂದು ಹನಿ ಕುಡಿಯದೆ, ಆ ಮಿತಿ ದಾಟಿದವನ ಸ್ಥಿತಿಯಲ್ಲಿದ್ದಾನೆ. ಮುಂದೆ ಇಡೀ ರಾತ್ರಿ ಉಂಟು. ನಸುಕಿನ ಎರಡರಿಂದ ಐದು ಗಂಟೆ ದೇಹ ತಾನಾಗಿ ಮಲಗಲು ಎಳೆಯುವ ಹೊತ್ತು. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಯಾವುದೂ ಆಗ ನಡೆಯುವುದಿಲ್ಲ. ಗಾಡಿ ನಿಲ್ಲಿಸಿ ಒಂದು ಕಾಫಿ ಕುಡಿದು ಹದಿನೈದು ಇಪ್ಪತ್ತು ನಿಮಿಷ ಕಣ್ಣುಮುಚ್ಚಿದರೆ ಸ್ವಲ್ಪ ಹೊತ್ತಿಗೆ ಉಪಯೋಗ ಆಗಬಹುದು, ಪೂರ್ತಿ ರಾತ್ರಿಗೆ ಅಲ್ಲ.

ತಮ್ಮನ ಹತ್ತಿರ ಇದನ್ನು ಫೋನಿನಲ್ಲಿ ಹೇಳಿದೆ. "ಅಕ್ಕಾ, ನನಗೆ ರಾತ್ರಿ ಓಡಿಸಿ ಅಭ್ಯಾಸ ಉಂಟು" ಅಂದ. "ಅಭ್ಯಾಸ ನಿನಗೆ ಉಂಟು, ನಿನ್ನ ಮೆದುಳಿಗೆ ಇಲ್ಲ ಮಾರಾಯ" ಅಂದೆ. ಈಗ ಬೆಳಿಗ್ಗೆ ಹೊರಟು ಕೊಲ್ಹಾಪುರದಲ್ಲಿ ರಾತ್ರಿ ಉಳಿದು ಬರುತ್ತಾನೆ. ಮಕ್ಕಳಿಗೆ ಅದೇ ಖುಷಿ, ಅವರಿಗೆ ರಜೆ ಅಲ್ಲಿಂದಲೇ ಶುರು.

ಕಾರಿನ ಇನ್ನೊಂದು ಕಷ್ಟ ವಾಂತಿ. ತಮ್ಮನ ಮಗಳಿಗೆ ಎಂಟು ವರ್ಷ. ಹೆಬ್ರಿ ದಾಟಿ ಸೋಮೇಶ್ವರದವರೆಗೆ ಮಾತೇ ಮಾತು. ಆಗುಂಬೆ ಘಾಟಿಯ ಎರಡು ಹೇರ್‌ಪಿನ್ ಆದ ಕೂಡಲೇ ಸುಮ್ಮನಾದಳು. ತೊಡೆಯ ಮೇಲೆ ಮೊಬೈಲು, ತಲೆ ಕೆಳಗೆ. ಒಂದು ಆಕಳಿಕೆ, ಇನ್ನೊಂದು ಆಕಳಿಕೆ. ಮೇಲ್ತುಟಿಯ ಮೇಲೆ ಸಣ್ಣ ಬೆವರು. ಉಗುಳು ನುಂಗುತ್ತಿದ್ದಳು. ಇದು ವಾಂತಿಗಿಂತ ಮೊದಲಿನ ಲಕ್ಷಣ. ಆಗಲೇ ಹಿಡಿದರೆ ತಪ್ಪಿಸಬಹುದು. ಒಳಕಿವಿ "ತಿರುಗುತ್ತಿದ್ದೇವೆ" ಅನ್ನುತ್ತದೆ, ಮೊಬೈಲ್ ನೋಡುವ ಕಣ್ಣು "ಕೂತಿದ್ದೇವೆ" ಅನ್ನುತ್ತದೆ. ಎರಡೂ ಹೊಂದದಿದ್ದಾಗ ಹೊಟ್ಟೆ ತೊಳಸುತ್ತದೆ. ಸ್ಟೀರಿಂಗ್ ಹಿಡಿದವನಿಗೆ ಹಾಗಾಗುವುದು ಕಡಿಮೆ, ಯಾಕೆಂದರೆ ಮುಂದಿನ ತಿರುವು ಅವನಿಗೆ ಮೊದಲೇ ಗೊತ್ತು. ಅವಳ ಮೊಬೈಲ್ ತೆಗೆದಿಟ್ಟು, ಗಾಜು ಇಳಿಸಿ, ಹಿಂದಿನ ಸೀಟಿನ ನಡುವೆ ಕೂರಿಸಿ ಬೆಲ್ಟ್ ಹಾಕಿದೆ. ಮುಂದಿನ ರಸ್ತೆ ಕಾಣುವ ಹಾಗೆ. "ಈಗ ಎಡಕ್ಕೋ ಬಲಕ್ಕೋ, ನೀನೇ ಹೇಳು" ಅಂದೆ. ಮೇಲೆ ಮುಟ್ಟುವವರೆಗೆ ಹೇಳುತ್ತಾ ಹೋದಳು, ವಾಂತಿ ಆಗಲಿಲ್ಲ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದು ಜಾಸ್ತಿ. ಘಾಟಿಯ ಮೊದಲು ಗೋಳಿಬಜೆ, ಬನ್ಸ್ ಬೇಡ, ಖಾಲಿ ಹೊಟ್ಟೆಯೂ ಬೇಡ. ಎರಡು ಇಡ್ಲಿ ಸಾಕು. ದೊಡ್ಡವರಿಗೆ ಶುಂಠಿ ಕೆಲವರಿಗೆ ಹಿಡಿಸುತ್ತದೆ. ವಾಂತಿಯ ಮಾತ್ರೆ ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ಅದು ನಿದ್ದೆ ಬರಿಸುತ್ತದೆ, ಹಾಗಾಗಿ ಗಾಡಿ ಓಡಿಸುವವರು ಮುಟ್ಟಬಾರದು.

ರೈಲಿನ ಮೇಲೆ ನನಗೆ ಪ್ರೀತಿ, ಅದನ್ನು ಮುಚ್ಚಿಡುವುದಿಲ್ಲ. ಎದ್ದು ನಡೆಯಬಹುದು, ಕಾಲು ಚಾಚಬಹುದು, ಶೌಚಾಲಯ ಉಂಟು, ನೀರು ಕುಡಿಯಲು ಹೆದರಬೇಕಿಲ್ಲ. ತಿರುವು ದೊಡ್ಡದು, ಹಾಗಾಗಿ ಹೊಟ್ಟೆ ತೊಳಸುವುದು ಕಡಿಮೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾಗುವ ಮೊದಲು ಮುಂಬೈಯವರು ಬಸ್ಸಿನಲ್ಲಿ ಕಾಲು ಊದಿಸಿಕೊಂಡು ಇಳಿಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪುಂಟು. ಹಗಲು ಬೆಂಗಳೂರಿಗೆ ಹೋಗುವ ರೈಲು ಬಸ್ಸಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ನಿಜ. ಆದರೆ ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ. ಮಳೆಗಾಲದಲ್ಲಿ ಒಂದೊಂದು ಸುರಂಗ ಮುಗಿದಾಗಲೂ ಒಂದೊಂದು ಜಲಪಾತ. ಯಾರೂ ಸೀಟಿನಲ್ಲಿ ಕೂರುವುದಿಲ್ಲ, ಆ ಕಿಟಕಿ ಈ ಕಿಟಕಿ ಅಂತ ಓಡಾಡುತ್ತಲೇ ಇರುತ್ತಾರೆ. ಮೀನಖಂಡಕ್ಕೆ ನಾನು ಬರೆದುಕೊಡುವ ವ್ಯಾಯಾಮಕ್ಕಿಂತ ಅದು ಒಳ್ಳೆಯದು. ಬಾಗಿಲಲ್ಲಿ ಮಾತ್ರ ನಿಲ್ಲಬೇಡಿ.

ಹಿರಿಯರಿಗೆ ಟಿಕೆಟ್ ಮಾಡುವಾಗ ಒಂದು ವಿಷಯ: 60 ತುಂಬಿದ ಗಂಡಸರಿಗೆ, 45 ತುಂಬಿದ ಹೆಂಗಸರಿಗೆ ಕೆಳಗಿನ ಬರ್ತಿನ ಕೋಟಾ ಉಂಟು, ಒಬ್ಬರೇ ಅಥವಾ ಆ ವಯಸ್ಸಿನ ಇಬ್ಬರೇ ಒಂದು ಟಿಕೆಟಿನಲ್ಲಿ ಹೋಗುವಾಗ. ಇಡೀ ಕುಟುಂಬದ ಒಟ್ಟಿಗೆ ಟಿಕೆಟ್ ಮಾಡಿ ಅಜ್ಜಿಗೆ ಮೇಲಿನ ಬರ್ತ್ ಸಿಕ್ಕಿತು ಅಂತ ಬೇಸರ ಮಾಡುವವರು ಇದನ್ನು ನೋಡಿಕೊಳ್ಳಿ.

ವಿಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಜ್ಪೆಯಿಂದ ಬೆಂಗಳೂರು, ಮುಂಬೈ ಎಂದರೆ ಕಾಲು ಊದುವಷ್ಟು ಹೊತ್ತೇ ಇಲ್ಲ. ಒಳಗಿನ ಗಾಳಿ ಬಹಳ ಒಣ, ಕರಾವಳಿಯ ಸೆಕೆಯಿಂದ ಹೋದವರಿಗೆ ಗಂಟಲು ಬೇಗ ಒಣಗುತ್ತದೆ. ಶೀತ ಇದ್ದರೆ ಇಳಿಯುವಾಗ ಕಿವಿ ನೋವು ಜೋರು. ಮಕ್ಕಳಿಗೆ ಆಗ ಹಾಲು ಕುಡಿಸಿ, ದೊಡ್ಡವರು ಏನಾದರೂ ಜಗಿಯಿರಿ, ನುಂಗುತ್ತಾ ಇರಿ.

ಒಂದು ಕಡೆ ಮಾತ್ರ ವಿಮಾನದ ವೇಗವೇ ಕಷ್ಟ ತರುತ್ತದೆ. ಲೇಹ್, ಲಡಾಖ್. ಈಚೆಗೆ ನಮ್ಮ ಬೀದಿಯಲ್ಲೇ ಮೂರು ಮನೆಯವರು ಹೋಗಿ ಬಂದರು. ಸಮುದ್ರದ ದಂಡೆಯಲ್ಲಿ ಬದುಕುವ ನಾವು ಒಂದೇ ದಿನದಲ್ಲಿ ಸುಮಾರು 3,500 ಮೀಟರ್ ಎತ್ತರದಲ್ಲಿ ಇಳಿಯುತ್ತೇವೆ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಅಲ್ಲಿ ಸಾಮಾನ್ಯ. ವಿಮಾನದಲ್ಲಿ ಹೋದರೆ ಮೊದಲ ಎರಡು ದಿನ ಏನೂ ನೋಡದೆ ರೂಮಿನಲ್ಲೇ ಇರಬೇಕು. ರಸ್ತೆಯಲ್ಲಾದರೆ ಶ್ರೀನಗರ, ಕಾರ್ಗಿಲ್‌ನಲ್ಲಿ ಉಳಿದು ನಿಧಾನ ಏರುವ ದಾರಿ ದೇಹಕ್ಕೆ ಹಿತ. ಮನಾಲಿ ದಾರಿ ಹಾಗಲ್ಲ, ಅದರಲ್ಲಿ ಸರ್ಚುವಿನಂಥ ಕಡೆ 4,200 ಮೀಟರಿಗಿಂತ ಮೇಲೆ ಮಲಗಬೇಕಾಗುತ್ತದೆ. ರಸ್ತೆ ಅಂದ ಕೂಡಲೇ ಸುರಕ್ಷಿತ ಅಂತಲೂ ಅಲ್ಲ. ನಡಿಗೆ ತಪ್ಪಿದರೆ, ಮಾತು ತೊದಲಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಕೂಡಲೇ ಕೆಳಗೆ ಇಳಿಸಬೇಕು, ಬೆಳಗಾಗುವವರೆಗೆ ಕಾಯಬಾರದು.

ನಡೆದೇ ಹೋಗುವ ರಜೆ ಎಲ್ಲಕ್ಕಿಂತ ಒಳ್ಳೆಯದು. ಕುಮಾರ ಪರ್ವತ ಹತ್ತಿ ಬಂದವರು ನನ್ನಲ್ಲಿಗೆ ಬರುವುದು ಹತ್ತಿದ್ದಕ್ಕೆ ಅಲ್ಲ, ಇಳಿದದ್ದಕ್ಕೆ. 1,712 ಮೀಟರಿನಿಂದ ಇಳಿಯುವಾಗ ತೊಡೆಯ ಮುಂಭಾಗದ ಮಾಂಸಖಂಡ ಪ್ರತಿ ಹೆಜ್ಜೆಗೂ ಬ್ರೇಕ್ ಹಿಡಿಯುತ್ತದೆ. ನೋವು ಎರಡನೇ ದಿನ ಜೋರಾಗಿ ತಾನಾಗಿ ಹೋಗುತ್ತದೆ. ಮೊಣಕಾಲಿನ ಗಂಟೇ ಊದಿದರೆ ಮಾತ್ರ ತೋರಿಸಿ. ಹೋಗುವ ಒಂದು ತಿಂಗಳ ಮೊದಲು ಮನೆಯ ಮೆಟ್ಟಿಲನ್ನು ನಿಧಾನ ಇಳಿಯುವ ಅಭ್ಯಾಸ ಮಾಡಿ, ಒಂದು ಕೋಲು ಹಿಡಿದುಕೊಳ್ಳಿ.

ಈ ಡಿಸೆಂಬರಿನಲ್ಲಿ ಅಮ್ಮ ತಮ್ಮನ ಮನೆಗೆ ಹೋಗುವವರಿದ್ದಾರೆ. ರೈಲಿನಲ್ಲೇ ಹೋಗಲಿ ಅಂತ ನನ್ನ ಮನಸ್ಸು. ಆದರೆ ಅವರ ಬಲ ಮೊಣಕಾಲು ಈ ವರ್ಷ ಸರಿಯಿಲ್ಲ, ಬೋಗಿಯ ಮೆಟ್ಟಿಲು ಎತ್ತರ. ತುಂಬಿದ ಗಾಡಿಯಲ್ಲಿ ನಸುಕಿಗೆ ಇಳಿಯುವುದು ಕಷ್ಟ. ವಿಮಾನದಲ್ಲಿ ವೀಲ್‌ಚೇರ್ ಸಿಗುತ್ತದೆ, ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಹಾಗಾಗಿ ಹೋಗುವಾಗ ವಿಮಾನ ಅಂತ ಒಪ್ಪಿದೆ. ಬರುವಾಗ ತಮ್ಮನೂ ಒಟ್ಟಿಗೆ ಇರುತ್ತಾನೆ, ಹತ್ತಿಸಿ ಇಳಿಸಲು ಜನ ಉಂಟು. ಆಗ ರೈಲು. ಅಮ್ಮನಿಗೆ ಹೊನ್ನಾವರದಲ್ಲಿ ಶರಾವತಿಯ ಸೇತುವೆಯನ್ನು ಹಗಲಿನಲ್ಲಿ ನೋಡಬೇಕಂತೆ. ಬೆಳಿಗ್ಗೆ ಅಲ್ಲಿ ದಾಟುವ ರೈಲಿಗೇ ಟಿಕೆಟ್ ಮಾಡಲು ತಮ್ಮನಿಗೆ ಹೇಳಿದ್ದೇನೆ, ಅಮ್ಮನಿಗೆ ಕೆಳಗಿನ ಬರ್ತ್ ಸಿಗಲು ಅವರದ್ದು ಬೇರೆಯೇ ಟಿಕೆಟಿನಲ್ಲಿ.